ಪಡುವಲದ ಒಂಬತ್ತು ನಿಮಿಷ

ದೀಪಾವಳಿ ಪಣತಿ ತೊಳದು ಮಾಡದಾಗ ಇಡೂದರಾಗ
ನಮ್ಮ ಖೋಲಿ ಬಿಸಿಲು ಹೋಗಿರತೈತಿ.
ತೆಂಕಲಕ್ಕ ಎರಡು ವರ್ಷದ ಹಿಂದ ಎದ್ದು ನಿಂತೈತಿ
ಇಪ್ಪತ್ತೆರಡು ಮಜಲಿನ ಕಟ್ಟಡ.
ಬ್ಯಾಸಗ್ಯಾಗ ಸೂರ್ಯ ಅದರ ನೆತ್ತಿ ದಾಟಿ ಬರತಾನ.
ಚಳಿಗಾಲಕ್ಕ ಮೈ ಬಗ್ಗಿಸಿ ನಡಿಯಾಂವ,
ಅದರ ಬೆನ್ನ ಹಿಂದಿಂದನ ಹಾದು ಹೋಗಿಬಿಡತಾನ
ಬಾಕಿ ಕೊಡೂದಿದ್ದ ಗಿರಾಕಿ ಹಂಗ.

ಪುಣೆದಾಗ ಆರೂವರಿ ಅಂದ್ರೂ ಕತ್ತಲ.
ಎದ್ದು ಏನ ಮಾಡೂದೈತಿ
ಅಂತ ಚಾದರನ ಕೇಳತೈತಿ.
ಬಲ್ಬಿನ ಕೆಳಗ
ಕರೇ ದಾರ, ನೀಲಿ ದಾರ ಒಂದ ತಾಯಿ ಮಕ್ಕಳು.
ಹೋದ ಪುಷ್ಯದಾಗ ಜೋಗಳೇಕರ ಬಾಯಿಯ ನೀಲಿ ಕುಬಸಕ್ಕ
ಕರೇ ಹೊಲಿಗಿ ಹಾಕಿ ಕೊಟ್ಟಿದ್ದೆ.
ಮದುವಿ ಹಾಲಿನ್ಯಾಗ ಝಗಮಗ ದೀಪ ಬಿದ್ದಾಗ ಗೊತ್ತಾತಂತ.
ಇನ್ನೂ ಮಾತಾಡಿಸೂದಿಲ್ಲ.

ಮ್ಯಾಲಿನ ಮನಿ ಪಾನಸೆ ಆಜಿ ಅಂದಳು,
ಮನಸು ಕುಗ್ಗಿದ್ರ ಪರ್ವತಿ ಗುಡ್ಡಾ ಹತ್ತು,
ಅಲ್ಲೆ ನಗೂ ಮಂದಿ ಕೂಡತಾರ.
ಹೋಗಿದ್ದೆ ಒಂದ ದಿನ.
ಮಂಕಿ ಟೋಪಿ ಹಾಕ್ಕೊಂಡ ಹದಿನಾರು ಮಂದಿ
ಕತ್ತಲದಾಗ ಕೈ ಮ್ಯಾಲೆತ್ತಿ ಹಹ್ಹಹ್ಹ ಅಂದ್ರು.
ನಾನೂ ಬಾಯಿ ತೆರದೆ.
ಥಂಡಿ ಗಾಳಿ ಹೊಕ್ಕು ನಾಕ ದಿನ ಕೆಮ್ಮು.
ನಗು ಬಂದದ್ದು ಆಮ್ಯಾಲೆ,
ಒಬ್ಬಾಕಿನ ಕೂತು ಶುಂಠಿ ಜಜ್ಜೂ ಮುಂದ.

ಒಂದ ದಿನ ಹತ್ತೂವರಿ ದಾಟಿತ್ತು.
ಮಷೀನಿನ ಚಕ್ರದ ಮ್ಯಾಲ ಬೆಳಕು ಬಿತ್ತು.
ತಿರುಗಿ ನೋಡಿದ್ರ
ಮುಂಜಾನಿ ಸೂರ್ಯ ಪಡುವಲದಿಂದ ಬರಾಕತ್ತಿದ್ದ!
ಆ ಕಡಿ ಬ್ಯಾಂಕಿಗೆ ಮೈತುಂಬ ಗಾಜು.
ಗಾಜಿಗೆ ಬಡದು, ಗಲ್ಲಿಯ ಕೇಬಲ್ ವೈರು ದಾಟಿ,
ಮರತದ್ದು ನೆನಪಾದಾಂವನಂಗ ಹೊಳ್ಳಿ ಬಂದಿದ್ದ.
ಒಂಬತ್ತು ನಿಮಿಷ. ಮೊಬೈಲ್ ಹಿಡಕೊಂಡು ಎಣಿಸೀನಿ.

ಅಂದಿನಿಂದ ಹತ್ತೂವರಿಗೆ ಕೈಯಾಗಿಂದೆಲ್ಲಾ ಬಿಟ್ಟು
ಸೂಜಿಗೆ ದಾರ ಪೋಣಿಸಾಕ ಕೂಡತೀನಿ.
ಇಪ್ಪತ್ನಾಕು ಸೂಜಿ.
ಕರೇದು ಬ್ಯಾರೆ, ನೀಲಿ ಬ್ಯಾರೆ,
ಗಿಣಿಹಸರು, ಉಳ್ಳಾಗಡ್ಡಿ ಸಿಪ್ಪಿ ಬಣ್ಣ,
ಇಳಕಲ್ಲ ಸೆರಗಿನ ಕೆಂಪು.
ಒಂದೊಂದ ದಿಂಬಿಗೆ ಚುಚ್ಚಿ ಸಾಲ ನಿಲ್ಲಸತೀನಿ.
ಉಳದ ಹೊತ್ತೆಲ್ಲಾ ಬಲ್ಬಿನ ಕೆಳಗ
ಆ ಬೆಳಕನ್ನ ಚೂರುಚೂರ ಖರ್ಚ ಮಾಡತೀನಿ.

ಪುಷ್ಯ ಹತ್ತಿದ ಮ್ಯಾಲ ಬೆಳಕಿನ್ಯಾಗ ಒಬ್ಬ ಮನಷಾ ಬಂದ.
ಅಂದ್ರ, ಅವನ ನೆರಳು.
ಹಗ್ಗಕ್ಕ ಜೋತುಬಿದ್ದು ಗಾಜು ಒರಸೂ ಹುಡುಗ
ನಾ ಹಾಸಿದ ಅರಿವಿ ಮ್ಯಾಲ ಮಸಮಸಕ ತೂಗಾಕತ್ತಿದ್ದ.
ಸಿಟ್ಟು ಬಂತು. ನನ್ನ ಒಂಬತ್ತರಾಗ
ನಾಕು ನಿಮಿಷ ಅವನ ತಿಂದ.
ಆಮ್ಯಾಲೆ ಯಾಕೋ,
ಗುರತು ಹಾಕೂ ಖಡು ತೊಗೊಂಡು
ನೆರಳಿನ ಸುತ್ತ ಗೆರಿ ಎಳದೆ.
ಭುಜ. ಮೊಣಕೈ. ಬಕೀಟು.
ಬಡಕ ಹುಡುಗ, ಎದಿ ಅಳತಿ ಮೂವತ್ತೆರಡು ದಾಟಾಂಗಿಲ್ಲ.
ಆ ಎತ್ತರದಾಗ, ಒದ್ದಿ ಕೈಗೆ, ಥಂಡಿ ಎಷ್ಟಿದ್ದೀತು.
ಅವ ಸರದ. ಗೆರಿ ಉಳೀತು. ಝಾಡಿಸಿದೆ.

ಮರುದಿನ ಬೆಳಕು ಬಂತು ನೋಡ್ರಿ, ತೊಳದ ಅಕ್ಕಿ ಹಂಗ.
ನಿಮಿಷ ಅಷ್ಟ, ಒಂಬತ್ತ.
ಆದ್ರ ಸೂಜಿಗಣ್ಣು ಬಾಗಲಾ ತೆರದಂಗ ಕಾಣತಿದ್ದುವು.
ಆರ ನಿಮಿಷಕ್ಕ ಇಪ್ಪತ್ಮೂರು ಮುಗದುವು.

ಸಂಕ್ರಮಣದಿಂದ ಹಗಲು ಎಳ್ಳಕಾಳಷ್ಟು ಬೆಳೀತೈತಿ
ಅಂತಿದ್ದಳು ನಮ್ಮವ್ವ,
ಕುಸುರೆಳ್ಳಿನ ತಟ್ಟಿ ಸಣ್ಣ ಉರಿ ಮ್ಯಾಲ ಆಡಿಸಕೋತ.
ಎಳ್ಳಿಗೆ ಮುಳ್ಳು ಏಳಾಕ ಮೂರು ದಿನಾ ಬೇಕು,
ಗಡಿಬಿಡಿ ಮಾಡಿದ್ರ ಹೊತ್ತಿ ಹೋಗತೈತಿ.
ಈ ಸಲ ಒಂದ ಪುಡಿಕಿ ಕಟ್ಟಿಟ್ಟೀನಿ
ಬ್ಯಾಂಕಿನ ವಾಚಮನ್ನನ ಕೈಯಾಗ ಕೊಡಾಕ.
ಯಾರಿಗೆ ಅಂತ ಕೇಳಿದ್ರ ಏನ ಹೇಳಲಿ?
ಹಗ್ಗದ ಮ್ಯಾಲಿನಾಂವಗ.

ಇಪ್ಪತ್ನಾಕನೇ ಸೂಜಿ ಹಂಗ ಬಿಟ್ಟೀನಿ, ಬೆಳಕಿದ್ರೂ.
ಮುಂಜಾನಿ ಚಾದರ ಕೇಳೂದೇನ ಬಿಟ್ಟಿಲ್ಲಲ್ಲ,
ಅದಕೊಂದು ನೆವ ತೋರಸಬೇಕು.